ಹನ್ನೆರಡು ಅಡಿಯ ಕೋಣೆಗಳು

ನಮ್ಮ ಯಜಮಾನರು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವರು. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಕಾರಿಗೆ ಹತ್ತಿಸಿಕೊಂಡು ಹಳ್ಳಿಗಾಡಿನ ಹಳೇ ಕಟ್ಟಡಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ಹನ್ನೊಂದು ವರ್ಷದಿಂದ ಇದೇ ನಮ್ಮ ವಿಹಾರ. ನಾನು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುವವಳು, ಆದ್ದರಿಂದ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಗೋಡೆ ಅಳೆಯುವುದು ನನ್ನ ಪಾಲು. ಅವರು ಮರದ ನೆರಳಲ್ಲಿ ಕೂತು ದಾರಿಹೋಕರ ಜೊತೆ ಹರಟುತ್ತಾರೆ. ಅದಕ್ಕೆ ಸಂಶೋಧನೆ ಎಂದು ಹೆಸರು.

ಹೋದ ವರ್ಷ ಪುಸ್ತಕ ಬಂತು. ಅದರಲ್ಲಿ ಅರವತ್ತು ನಕ್ಷೆಗಳು, ಅರವತ್ತೂ ನನ್ನ ಕೈಯವು. ಹೊದಿಕೆಯ ಮೇಲೆ ಅವರೊಬ್ಬರದೇ ಹೆಸರು. ಮುನ್ನುಡಿಯಲ್ಲಿ ಕಾರು ರಿಪೇರಿಯವನನ್ನೂ ನೆನೆದಿದ್ದಾರೆ ಪುಣ್ಯಾತ್ಮರು. ನನ್ನ ಸುಳಿವೇ ಇಲ್ಲ. ಆಗಲೂ ಹಲ್ಲು ಕಚ್ಚಿ ಸುಮ್ಮನಿದ್ದೆ. ಎರಡನೇ ಮುದ್ರಣಕ್ಕೆ ಹೊಸ ಅಧ್ಯಾಯ ಸೇರಿಸುತ್ತಾರೆಂದು ತಿಳಿದಾಗ ಬಾಯಿಬಿಟ್ಟು ಕೇಳಿದೆ, ಈ ಸಲವಾದರೂ ನನ್ನ ಹೆಸರು ಹಾಕಿಸಿ ಎಂದು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಗೆರೆ ಎಳೆಯೋದಕ್ಕೆಲ್ಲ ಹೆಸರು ಹಾಕ್ತಾ ಹೋದ್ರೆ ಪುಸ್ತಕದಲ್ಲಿ ಜಾಗ ಸಾಲಲ್ಲ ಕಣೇ," ಅಂದರು.

ಸರಿ, ಹಾಗಾದರೆ ಈ ಸಲ ನನ್ನ ಗೆರೆ ಇಲ್ಲದೆಯೇ ಬರೆಯಲಿ, ನೋಡೇಬಿಡೋಣ ಎಂದುಕೊಂಡೆ.

ಗೋಡೆ ಅಳೆಯುವ ನನ್ನ ಬಟ್ಟೆ ಟೇಪಿನ ವಿಷಯ ಇಲ್ಲಿ ಹೇಳಬೇಕು. ಮೊದಲ ವರ್ಷವೇ ಯಜಮಾನರು ಅದನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿ, ತುದಿಯ ಒಂದು ಗೇಣು ಹರಿದುಹಾಕಿದ್ದರು. ತಿರುಗಿಯೂ ನೋಡಲಿಲ್ಲ. ನಾನು ಕೊಂಡಿಯನ್ನು ಹರಿದ ಜಾಗಕ್ಕೇ ಹೊಲಿದುಕೊಂಡೆ. ಅಂದಿನಿಂದ ಆ ಟೇಪು ಎಲ್ಲವನ್ನೂ ಒಂಬತ್ತು ಇಂಚು ಜಾಸ್ತಿಯೇ ತೋರಿಸುತ್ತದೆ. ಕಂಡದ್ದನ್ನು ಕಂಡ ಹಾಗೆ ಅಳತೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ನಕ್ಷೆ ಬರೆಯುವಾಗ ಒಂಬತ್ತು ಇಂಚು ಕಳೆಯುವುದು ನನಗೆ ಉಸಿರಾಡಿದಷ್ಟು ಸಲೀಸು. ಹೊಸ ಟೇಪು ಕೊಳ್ಳಬೇಕೆಂದು ಅನಿಸಲೇ ಇಲ್ಲ. ನಾನು ಹೀಗೆ ಕಳೆಯುತ್ತೇನೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗಬೇಕಾದರೆ ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಪಕ್ಕದಲ್ಲಿ ನಿಂತು ನೋಡಿರಬೇಕಿತ್ತು.

ಈ ಬೇಸಿಗೆಯ ಕಟ್ಟಡ ಒಂದು ಹಳೇ ಛತ್ರ. ಸಾಲಾಗಿ ಎಂಟು ಕೋಣೆ, ಮುಂದೆ ಉದ್ದಕ್ಕೆ ಜಗುಲಿ. ಪ್ರತಿ ಕೋಣೆಯೂ ಹನ್ನೊಂದು ಅಡಿ ಮೂರು ಇಂಚಿನ ಚೌಕ. ನನ್ನ ಟೇಪು ಹನ್ನೆರಡು ಎಂದು ತೋರಿಸಿತು, ನಾನು ಹನ್ನೆರಡು ಎಂದೇ ಬರೆದೆ. ಸಂಜೆ ಬೇಕರಿಯ ಮೇಲಿನ ನಮ್ಮ ಬಾಡಿಗೆ ರೂಮಿಗೆ ಬಂದವಳೇ ಅಳತೆ ಪುಸ್ತಕವನ್ನು ಅವರ ಕೈಗಿಟ್ಟು, ನನಗೆ ಬೆನ್ನುನೋವು, ಈ ಸಲ ನಕ್ಷೆ ಬರೆಯಲಾರೆ ಎಂದೆ. ಬೆನ್ನು ನಿಜವಾಗಿ ನೋಯುತ್ತಿತ್ತು, ಅದೇನೂ ಸುಳ್ಳಲ್ಲ.

ಅಂಕಿಗಳನ್ನು ನೋಡಿ ಅವರ ಕಣ್ಣು ಅರಳಿತು. ಎಂಟು ಕೋಣೆ, ಎಲ್ಲವೂ ಕರಾರುವಾಕ್ಕಾಗಿ ಹನ್ನೆರಡು ಅಡಿ! ಹನ್ನೆರಡು ತಿಂಗಳು, ಹನ್ನೆರಡು ರಾಶಿ, ಕಟ್ಟಿದವರ ಗೂಢ ಗಣಿತ ಎಂದು ನಾಲ್ಕು ದಿನ ಕೂತು ಹದಿನಾಲ್ಕು ಪುಟ ಗೀಚಿದರು. ಓದಿ ಹೇಳಿದಾಗಲೆಲ್ಲ ನಾನು ಹೂಂಗುಟ್ಟಿದೆ. ಒಳಗೊಳಗೇ ಎಷ್ಟು ಖುಷಿಯಾಗುತ್ತಿತ್ತೆಂದರೆ, ದಿನಾ ಎರಡು ಬನ್ನು ಹೆಚ್ಚಿಗೆ ತಿಂದೆ.

ರಜೆಯ ಕೊನೆಯ ದಿನ ಬೆಳಗ್ಗೆ ಪ್ರಕಾಶನದ ಸಂಪಾದಕಿ ಬಂದರು. ಜೊತೆಗೆ ಹಳೇ ಕಟ್ಟಡಗಳ ಸಂಘದ ನಾಲ್ಕು ಜನ. ಯಜಮಾನರು ಮೂರನೇ ಕೋಣೆಯ ನಡುವೆ ನಿಂತು, ಕೈ ಬೀಸಿ ಬೀಸಿ ಹನ್ನೆರಡರ ಮಹಿಮೆ ಕೊಂಡಾಡಿದರು. ಬಾಗಿಲಲ್ಲಿ ಛತ್ರದ ಕಾವಲುಗಾರ ನಿಂತಿದ್ದ. ವಯಸ್ಸಿನಲ್ಲಿದ್ದಾಗ ಗಾರೆ ಕೆಲಸ ಮಾಡಿದ್ದ ಮುದುಕ. ಕೇಳುವಷ್ಟು ಕೇಳಿ, ಒಳಗಿನಿಂದ ತನ್ನ ಆರಡಿ ಅಳತೆಗೋಲು ತಂದ. ಗೋಡೆಗೆ ತಾಗಿಸಿ ಒಮ್ಮೆ ಮಲಗಿಸಿ ಗುರುತು ಹಾಕಿದ. ಎರಡನೇ ಸಲ ಮಲಗಿಸಲು ಹೋದರೆ ಕೋಲು ಎದುರು ಗೋಡೆಗೆ ತಗುಲಿ ನಿಂತಿತು.

"ಎರಡು ಕೋಲು ಇಲ್ಲಿ ಹಿಡಿಸೋದಿಲ್ಲ ಸ್ವಾಮಿ," ಅಂದ. "ಮುಕ್ಕಾಲು ಅಡಿ ಕಮ್ಮಿ."

ಪಕ್ಕದ ಕೋಣೆಯಲ್ಲೂ ಅದೇ ಕಥೆ. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಗು ತಡೆಯಲಾರದೆ ಕೆಮ್ಮಿದರು. ಸಂಪಾದಕಿ ಹದಿನಾಲ್ಕು ಪುಟಗಳನ್ನು ಮೆಲ್ಲಗೆ ಮಡಿಸಿ, ಈ ಅಳತೆಗಳು ಹೀಗಾದರೆ ಹಿಂದಿನ ಅರವತ್ತು ನಕ್ಷೆಗಳ ಗತಿಯೇನು ಎಂದು ಕೇಳಿದರು. ಯಜಮಾನರ ಕುತ್ತಿಗೆ ಕೆಂಪಾಯಿತು. ಅವರು ನನ್ನ ಕಡೆ ತಿರುಗಿದರು. ಒಂದು ಗಳಿಗೆ, ಒಂದೇ ಗಳಿಗೆ, ಪಾಪ ಅನ್ನಿಸಿತು.

"ಅಳತೆ ನಂದಲ್ಲ," ಅಂದರು. "ಎಲ್ಲಾ ಇವಳದ್ದು. ಶುರುವಿನಿಂದ ಇವಳೇ ಅಳೆಯೋದು, ಇವಳೇ ಬರೆಯೋದು. ನಾನು ಟೇಪು ಮುಟ್ಟಿದವನೇ ಅಲ್ಲ."

ಪಾಪ ಅನ್ನಿಸಿದ್ದು ಅಲ್ಲಿಗೇ ಸತ್ತುಹೋಯಿತು. ಪುಸ್ತಕಕ್ಕೆ ಹೊಗಳಿಕೆ ಬರುತ್ತಿದ್ದ ಇಡೀ ವರ್ಷ ಬಾಯಿಗೆ ಬಾರದಿದ್ದ ಮಾತು, ಬೈಗುಳ ಬಂದ ಕೂಡಲೇ ಎಷ್ಟು ಸರಾಗವಾಗಿ ಹೊರಬಿತ್ತು! ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಇವರು ಹೇಳಿದ್ದು ನಿಜ," ಅಂದೆ. "ಅರವತ್ತೂ ನನ್ನವೇ. ಅವುಗಳಲ್ಲಿ ಒಂದಿಂಚು ತಪ್ಪಿಲ್ಲ, ಬೇಕಾದ್ದನ್ನ ಅಳೆದು ನೋಡಿ. ಇದೊಂದು ಮಾತ್ರ ನಾನು ಬರೆದುಕೊಡಲಿಲ್ಲ."

ಟೇಪನ್ನು ಬಿಚ್ಚಿ ಹರಿದ ತುದಿಯನ್ನು ತೋರಿಸಿದೆ, ಒಂಬತ್ತು ಇಂಚಿನ ಲೆಕ್ಕವನ್ನು ವಿವರಿಸಿದೆ. ಬೇಕೆಂದೇ ಸುಮ್ಮನಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಸಂಪಾದಕಿ ಪೆನ್ನು ತೆಗೆದು, ಹೊದಿಕೆಯ ಮೇಲೆ ಹಾಕಲು ನಿಮ್ಮ ಪೂರ್ತಿ ಹೆಸರು ಬರೆದುಕೊಡಿ ಅಂದರು. ಜಗುಲಿಯಲ್ಲಿ ಕೂತು ದಪ್ಪಕ್ಷರದಲ್ಲಿ ಬರೆದುಕೊಟ್ಟೆ.

ವಾಪಸು ಬರುವಾಗ ಕಾರಿನಲ್ಲಿ ನೂರು ಮೈಲಿ ಅವರು ತುಟಿ ಎರಡು ಮಾಡಲಿಲ್ಲ. ನಾನೂ ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ ಆರಾಮಾಗಿ ಕೂತಿದ್ದೆ. ಮನೆಯ ತಿರುವಿನ ಹತ್ತಿರ ಬಂದಾಗ ಗಂಟಲು ಸರಿ ಮಾಡಿಕೊಂಡರು.

"ಹೊದಿಕೆ ಮೇಲೆ ನನ್ನ ಹೆಸರು ಇರುತ್ತೆ ತಾನೆ?"

"ಕೇಳಿ ನೋಡ್ತೀನಿ ರೀ," ಅಂದೆ. "ಜಾಗ ಇದ್ದರೆ."