ನಲ್ಲಿ ರಿಪೇರಿಯವನ ಎದೆಯುರಿ

ನಲ್ಲಿ ರಿಪೇರಿಯವನಿಗೆ ಎದೆಯುರಿ ಗಂಟುಬಿದ್ದಿತು. ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕು, ಕರಿದದ್ದು ಬಿಡಬೇಕು, ಮಂಚದ ತಲೆದೆಸೆ ಎತ್ತರಿಸಬೇಕು ಎಂದರು ಡಾಕ್ಟರು. ಅದೆಲ್ಲ ದಂಡ, ಜೀರಿಗೆ ನೀರೊಂದೇ ಸಾಕು ಎಂದಳು ಅತ್ತಿಗೆ. ಆಸಾಮಿಯ ಕಿವಿಗೆ ಬಿದ್ದದ್ದು ಮಂಚದ ಮಾತೊಂದೇ.

"ಇಳಿಜಾರು ಸರಿಯಿದ್ರೆ ಯಾವ ಪೈಪೂ ಹಿಂದಕ್ಕೆ ಉಕ್ಕಲ್ಲ ಕಣೇ!" ಎಂದು ಹೆಂಡತಿಗೆ ಪಾಠ ಹೇಳಿ, ತಲೆದೆಸೆಯ ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿದ. ಬೆಳಗಾಗುವಷ್ಟರಲ್ಲಿ ಗಂಡ, ಹೆಂಡತಿ, ದಿಂಬು, ಹೊದಿಕೆ ಎಲ್ಲವೂ ಜಾರಿ ಕಾಲ್ದೆಸೆಯಲ್ಲಿ ಗುಡ್ಡೆ ಬಿದ್ದಿದ್ದವು. ಎದೆಯುರಿಯೊಂದು ಮಾತ್ರ ಕೆಳಗಿಳಿದಿರಲಿಲ್ಲ.

"ಇನ್ನೊಂದು ಇಟ್ಟಿಗೆ ಬೇಕು," ಎಂದ.

"ನಿಮ್ಮ ತಲೆಗಾ?" ಎಂದಳು ಹೆಂಡತಿ.

ಭಾನುವಾರ ಮಧ್ಯಾಹ್ನ ಅವನು ತಟ್ಟೆ ತುಂಬ ಕರಿದ ಆಲೂಗಡ್ಡೆ ಬಾರಿಸಿದ. ಆಮೇಲೆ ನೆನಪಾಗಿ ಮಾತ್ರೆ ನುಂಗಿ, ಅತ್ತಿಗೆಗೂ ಬೇಜಾರಾಗಬಾರದೆಂದು ಜೀರಿಗೆ ನೀರು ಕುಡಿದು, ಬರಿಮೈಯಲ್ಲಿ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆದ.

ಎದ್ದಾಗ ಹೊಟ್ಟೆಯ ಮೇಲೊಂದು ಸ್ಟಿಕ್ಕರ್ ಇತ್ತು. ರಿಪೇರಿ ಮಾಡಿದ ಸಿಂಕುಗಳಿಗೆಲ್ಲ ಅವನೇ ಅಂಟಿಸಿ ಬರುವಂಥದ್ದು: "ಇಲ್ಲಿ ಎಣ್ಣೆ ಸುರಿಯಬೇಡಿ. ಉಕ್ಕಿದರೆ ನಾವು ಹೊಣೆಯಲ್ಲ."

ಕೀಳಲು ಹೋಗಿ ಕಿರುಚಿದ. ಅಂಟು ಗಟ್ಟಿಯಾಗಿರಲಿ ಎಂದು ಅವನೇ ಹೇಳಿ ಮಾಡಿಸಿದ್ದ.