ಕೇಳದೆ ಕೊಟ್ಟ ಪುಡಿ

ಜೈಲಿನಿಂದ ಬಂದ ಮಗನನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳುವುದು? ಶಿಡ್ಲಘಟ್ಟದ ಬಳಿಯ ಊರೊಂದರಲ್ಲಿ ಓಬಳಮ್ಮನಿಗೆ ಈ ಚಿಂತೆ ಬಂತು. ಮಗ ಮುನೇಶ ಚರಂಡಿ ನೀರಿನ ಜಗಳದಲ್ಲಿ ಎದುರುಮನೆಯ ವೆಂಕಟರಾಯಪ್ಪನ ಮೇಲೆ ಮಚ್ಚು ಬೀಸಿದ್ದ. ವೆಂಕಟರಾಯಪ್ಪನ ಬಲಗೈಯ ಎರಡು ಬೆರಳು ಹೋದವು. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೈ ಅದು.

ನಾಲ್ಕು ವರ್ಷದ ಶಿಕ್ಷೆ ಮುಗಿಸಿ ಬಂದ ಮುನೇಶ ದಿನವೂ ವೆಂಕಟರಾಯಪ್ಪನ ಗೇಟಿನವರೆಗೆ ಹೋಗಿ ನಿಂತು ಹಿಂದಿರುಗುತ್ತಿದ್ದ. ಜಗಲಿಯಲ್ಲಿದ್ದ ಓಬಳಮ್ಮನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮತ್ತೆ ಹೊಂಚು ಹಾಕುತ್ತಿದ್ದಾನೆಂದು ಹೆದರಿದಳು. ಚಿಂತಾಮಣಿ ಸಂತೆಯಲ್ಲಿ ಒಬ್ಬನಿಂದ ಪುಡಿ ತಂದಳು. "ಸಾರಲ್ಲಿ ಬೆರೆಸಮ್ಮ, ಕೋಪ ಅನ್ನೋದೇ ಇರಲ್ಲ" ಎಂದಿದ್ದ ಅವನು.

ಓಬಳಮ್ಮ ಮಗನಿಗೆ ಹೇಳದೆ ದಿನವೂ ಸಾರಿಗೆ ಬೆರೆಸಿದಳು. ಅವನು ಹೇಳಿದ ಹಾಗೆಯೇ ಆಯಿತು. ಕೂರು ಎಂದರೆ ಕೂತ, ಏಳು ಎಂದರೆ ಎದ್ದ. ಮುನೇಶ ದೇವರಂಥವನಾದ ಎಂದಿತು ಊರು. ಓಬಳಮ್ಮ ದೀಪ ಹಚ್ಚಿ ಕೈಮುಗಿದಳು. ಆದರೆ ಮನೆಯಲ್ಲಿ ಮಾತಿಗೆ ಮಾತು ಕೊಡುವವರಿಲ್ಲ. ಸಾರಿಗೆ ಉಪ್ಪು ಮರೆತ ದಿನವೂ ಅವನು ಸುಮ್ಮನೆ ಉಂಡೆದ್ದ. ಅವನು ಜೈಲಿನಲ್ಲಿದ್ದಾಗಲೂ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ.

ಒಂದು ಬೆಳಿಗ್ಗೆ ಅವನ ಕೈಹಿಡಿದು ವೆಂಕಟರಾಯಪ್ಪನ ಮನೆಗೆ ಕರೆದೊಯ್ದಳು. ಬಿಪಿ ಮಾತ್ರೆ ಕೊಡಲು ಬಂದಿದ್ದ ಆಶಾ ಕಾರ್ಯಕರ್ತೆ ವರಲಕ್ಷ್ಮಿ ಅಲ್ಲಿದ್ದಳು.

"ತಪ್ಪಾಯ್ತು ಅನ್ನಪ್ಪ" ಎಂದಳು ಓಬಳಮ್ಮ.

"ತಪ್ಪಾಯ್ತು" ಎಂದು ಮುನೇಶ ಕೈಮುಗಿದ.

ವೆಂಕಟರಾಯಪ್ಪ ಅವನ ಮುಖವನ್ನೇ ನೋಡಿದ. "ಮಚ್ಚು ತಗೋ ಅಂದ್ರೂ ತಗೋತಾನೆ ಕಣಕ್ಕ ಇವ್ನು. ದಿನಾ ಗೇಟ್ ಹತ್ರ ಅಳ್ತಾ ನಿಂತಿರ್ತಿದ್ನಲ್ಲ, ಆ ಮುನೇಶ ತಾನಾಗೇ ಒಳಗೆ ಬರ್ಲಿ ಅಂತ ಕಾಯ್ತಿದ್ದೆ. ಅವ್ನೆಲ್ಲಿ ಹೋದ?"

ವರಲಕ್ಷ್ಮಿ ಮುನೇಶನ ಕಣ್ಣು ನೋಡಿದಳು. "ಏನಕ್ಕ ಕೊಡ್ತಿದ್ದೀಯ ಇವನಿಗೆ?"

ಓಬಳಮ್ಮ ಪುಡಿಯ ವಿಷಯ ಹೇಳಿದಳು. "ನಿಲ್ಸಿದ್ರೆ ಮತ್ತೆ ಮಚ್ಚು ಎತ್ತಿದ್ರೆ? ನೀನ್ ಬಂದು ತಡೀತೀಯೇನಮ್ಮ?"

"ಎತ್ತಲ್ಲ ಅಂತ ನಾನು ಬರ್ಕೊಡಲ್ಲ ಅಕ್ಕ. ಕೋಪಕ್ಕೆ ಔಷಧಿ ಬೇಕಾದ್ರೆ ಡಾಕ್ಟರು ಅವನಿಗೆ ತಿಳಿಸಿ ಹೇಳ್ತಾರೆ. ಅವ್ನು ಒಪ್ಪಿ ನುಂಗ್ಬೇಕು. ಈ ಪುಡೀಲಿ ಏನೈತೋ, ಪ್ರಾಣಕ್ಕೇ ಬಂದೀತು. ಪೊಟ್ಟಣ ತಗೊಂಡು ನಡಿ, ಆಸ್ಪತ್ರೆಗೆ ಹೋಗಣ."

ಪುಡಿ ನಿಂತ ಹತ್ತು ದಿನದಲ್ಲಿ ಮುನೇಶನ ಕಣ್ಣಿಗೆ ಮತ್ತೆ ಕಳೆ ಬಂತು. ಕೋಪ ಬಂದಾಗ ಏನು ಮಾಡಬೇಕೆಂದು ಡಾಕ್ಟರ ಬಳಿ ತಾನೇ ಕೇಳಿಕೊಂಡ. ಆದರೆ ಪುಡಿಯ ವಿಷಯ ತಿಳಿದಾಗ, "ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಅಮ್ಮ" ಎಂದ. ಅಂದಿನಿಂದ ಅವಳು ಮಾಡಿದ್ದನ್ನು ಮುಟ್ಟಲಿಲ್ಲ. ತಾನೇ ಮುದ್ದೆ ಮಾಡಿಕೊಂಡ. ಓಬಳಮ್ಮ ಗೋಡೆಯ ಕಡೆ ತಿರುಗಿ ಒಬ್ಬಳೇ ಉಂಡಳು.

ಒಂದು ಮುಂಜಾನೆ ಅವನು ಎದುರುಮನೆಯ ಕಡೆ ಹೊರಟ. ಓಬಳಮ್ಮ ಎದ್ದಳು, ಮತ್ತೆ ಕೂತಳು. ಮುನೇಶ ಗೇಟಿನ ಬಳಿ ನಿಂತ. ನಾಲ್ಕು ಹೆಜ್ಜೆ ಹಿಂದೆ ಬಂದ. ಅವಳು ಕರೆಯಲಿಲ್ಲ. ದೇವರ ಹೆಸರು ಹೇಳುತ್ತಾ ಕಂಬ ಹಿಡಿದುಕೊಂಡಳು. ಆಮೇಲೆ ಗೇಟಿನ ಚಿಲಕದ ಸದ್ದಾಯಿತು. ಮುನೇಶ ತಾನಾಗಿಯೇ ಒಳಗೆ ಹೋಗಿ ವೆಂಕಟರಾಯಪ್ಪನಿಗೆ ಕೈಮುಗಿದ.

ಸಂಜೆ ಅವನು ಬಂದು ಅವಳ ಮುಂದೆ ತನ್ನ ತಟ್ಟೆ ಇಟ್ಟ. ಅವಳು ಬಡಿಸಿದಳು. "ಉಪ್ಪು ಕಮ್ಮಿ ಕಣಮ್ಮ" ಎಂದ.

ತಾಯಂದಿರೇ, ಜೈಲಿನಿಂದಲೋ ಕುಡಿತದಿಂದಲೋ ಮರಳಿದವರು ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ತಿಳಿಯದಂತೆ ಊಟದಲ್ಲಿ ಏನನ್ನೂ ಬೆರೆಸಬೇಡಿ. ಭಯವಿದ್ದರೆ ಮುಚ್ಚಿಡಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಎಲ್ಲಕ್ಕೂ ಮೊದಲು ಅವರನ್ನೇ ಕೇಳಿ. ಹೊಡೆಯುವುದಕ್ಕೂ ತಪ್ಪಾಯ್ತೆಂದು ಮುಗಿಯುವುದಕ್ಕೂ ದೇವರು ಕೊಟ್ಟಿರುವುದು ಅದೇ ಕೈ. ಅದನ್ನು ಕಟ್ಟಿಹಾಕಬೇಡಿ.