ಡಯಾಲಿಸಿಸ್ ಕೋಣೆಯ ಮೀನು

ಮೀನಿನ ಬೌಲನ್ನು ಎಲ್ಲಿ ಇಡಬೇಕೆಂದು ಹಸೀನಾಬೇಗಂ ತಾವೇ ತೋರಿಸಿದರು. ಎರಡನೇ ಹಾಸಿಗೆಯ ಎದುರಿಗೆ, ಕಿಟಕಿ ಪಕ್ಕದ ಸಣ್ಣ ಟೇಬಲ್ಲಿನ ಮೇಲೆ. ಎರಡನೇ ಹಾಸಿಗೆ ಅವರದು. ಸೋಮವಾರ, ಗುರುವಾರ ಬೆಳಿಗ್ಗೆ ಎಂಟಕ್ಕೆ ಬಂದು ಎಡಗೈ ಚಾಚಿ ಮಲಗಿದರೆ ನಾಲ್ಕು ತಾಸು ಏಳುವಂತಿಲ್ಲ. ರಕ್ತ ಒಂದು ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ತೊಳೆದುಕೊಂಡು ಇನ್ನೊಂದು ಕೊಳವೆಯಲ್ಲಿ ಮೈಗೆ ಮರಳುವ ತನಕ ಗೋಡೆ ನೋಡುತ್ತ ಮಲಗಬೇಕು.

"ಮೂರು ವರ್ಷ ಆಯ್ತು ಬೇಟಿ, ಇದೇ ಗ್ವಾಡಿ," ಎಂದರು ಅವರು ಯಂತ್ರ ನೋಡಿಕೊಳ್ಳುವ ಕರುಣಾಳಿಗೆ. "ಈ ಕೋಣ್ಯಾಗ ಜೀವ ಇರೋದು ಏನರ ಒಂದು ನೋಡಬೇಕು ಅನ್ನಸ್ತು. ಅತೀಕಗ ಹೇಳಿದೆ, ಹೈದರಾಬಾದದಿಂದ ತಂದಾನ."

ಅತೀಕ ಅವರ ಮಗ. ಸೇಡಂ ಬಸ್ ನಿಲ್ದಾಣದಿಂದ ಆಸ್ಪತ್ರೆಯ ತನಕ ಆ ಬೌಲನ್ನು ಎದೆಗವಚಿಕೊಂಡು ಬಂದಿದ್ದ. ಕುಂಬಳಕಾಯಿಯಷ್ಟು ದಪ್ಪನೆಯ ಗಾಜಿನ ಬೌಲು, ಬಾಯಿ ಕಿರಿದು. ಒಳಗೆ ಬಣ್ಣದ ಹರಳು, ಮೂರು ಹೊಂಬಣ್ಣದ ಮೀನು. ದಿನಾ ನೀರು ಬದಲಿಸಿ ಒಂದು ಚಿಟಿಕೆ ಕಾಳು ಹಾಕಿದರೆ ಸಾಕು, ವರ್ಷಗಟ್ಟಲೆ ಇರುತ್ತವೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

ಆ ಕೆಲಸ ತಾನಾಗಿಯೇ ಕರುಣಾಳ ಪಾಲಿಗೆ ಬಂತು. ಕೋಡ್ಲಾದಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬರುವ ಅವಳು ಆ ಡಯಾಲಿಸಿಸ್ ಘಟಕದ ಟೆಕ್ನಿಷಿಯನ್. ಆರು ವರ್ಷದಿಂದ ನಾಲ್ಕು ಯಂತ್ರಗಳನ್ನು ಸಂಭಾಳಿಸುತ್ತಿದ್ದಳು. ಒಂದೇ ಸಲಕ್ಕೆ ನರ ಹುಡುಕಿ ಸೂಜಿ ಚುಚ್ಚುತ್ತಿದ್ದಳು. ಕರುಣಾ ಸಿಸ್ಟರ್ ರಜೆಯೆಂದರೆ ರೋಗಿಗಳ ಮುಖ ಸಪ್ಪಗಾಗುತ್ತಿತ್ತು.

ಮೊದಲ ವಾರ ಮೀನುಗಳು ಆ ಕೋಣೆಗೆ ಕಳೆ ತಂದವು. ರೋಗಿಗಳ ಜೊತೆ ಬಂದವರು ಬೌಲಿನ ಎದುರು ನಿಂತು ಮಾತಾಡುತ್ತಿದ್ದರು. ಹಸೀನಾಬೇಗಂ ಅಂತೂ ಕಣ್ಣು ಕೀಳುತ್ತಿರಲಿಲ್ಲ. ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುವುದರಿಂದ ಅವರು ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ಬೇಸಿಗೆಯಲ್ಲಿ ನಾಲಗೆಗೆ ಐಸಿನ ತುಂಡು ತಾಗಿಸಿಕೊಂಡು ದಿನ ನೂಕುವ ಆ ಹೆಂಗಸು, ನೀರೊಳಗೆ ತಿರುಗುವ ಜೀವವನ್ನು ಬಾಯಿ ಒಣಗಿಸಿಕೊಂಡು ನೋಡುತ್ತಿದ್ದರು.

ಎರಡನೇ ಸೋಮವಾರ ಕರುಣಾ ಏಳಕ್ಕೇ ಬಂದು ಕೋಣೆಯ ಬೀಗ ತೆಗೆದಾಗ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅದನ್ನು ಹತ್ತಿಯಲ್ಲಿ ಸುತ್ತಿದಳು. ಆಸ್ಪತ್ರೆಯ ಕಸದ ಹಳದಿ ಬುಟ್ಟಿಗೆ ಹಾಕಲು ಮನಸ್ಸಾಗದೆ ಹಿಂದಿನ ಬೇವಿನ ಗಿಡದ ಬುಡದಲ್ಲಿ ಹೂಳಿದಳು. ಎಂಟಕ್ಕೆ ಹಸೀನಾಬೇಗಂ ಬಂದು ಮಲಗಿ, ಬೌಲಿನ ಕಡೆ ತಿರುಗಿ, "ಇನ್ನೊಂದು ಎಲ್ಲಿ?" ಎಂದರು.

"ಡಾಕ್ಟರ್ ಸಾಹೇಬ್ರ ಮಗಳು ಬಂದಿದ್ಳು ಖಾಲಾ. ಹಟ ಮಾಡಿ ಒಂದು ಒಯ್ದಾಳ."

ಬಾಯಿಂದ ಸುಳ್ಳು ಸಲೀಸಾಗಿ ಬಂತು. ಅಲ್ಲಿ ಅದಕ್ಕೆ ರೂಢಿಯಿತ್ತು. ರೋಗಿ ತೀರಿಕೊಂಡು ಯಾವುದೋ ಹಾಸಿಗೆ ಎರಡು ಪಾಳಿ ಖಾಲಿ ಬಿದ್ದರೆ, ಯಾರಾದರೂ ಕೇಳಿದರೆ, "ಕಲಬುರ್ಗಿಗೆ ತೋರಸ್ಲಿಕ್ಕ ಹೋಗ್ಯಾರ" ಎನ್ನುತ್ತಿದ್ದರು. ಕೇಳಿದವರು ಹೂಂ ಎಂದು ಸುಮ್ಮನಾಗುತ್ತಿದ್ದರು.

ನಲ್ಲಿಯ ನೀರೇ ಕೆಟ್ಟಿರಬೇಕು ಎಂದುಕೊಂಡಳು ಕರುಣಾ. ಅದಕ್ಕೆ ಔಷಧದ ವಾಸನೆ ಬರುತ್ತಿತ್ತು. ಯಂತ್ರಗಳಿಗೆಂದು ಪಕ್ಕದ ಕೋಣೆಯಲ್ಲಿ ನೀರು ಸೋಸುವ ದೊಡ್ಡ ಘಟಕವಿತ್ತಲ್ಲ, ಇಡೀ ತಾಲ್ಲೂಕಿನಲ್ಲಿ ಅಷ್ಟು ಶುದ್ಧ ನೀರು ಬೇರೆಲ್ಲೂ ಸಿಗದು. ಅದನ್ನೇ ಹಿಡಿದು ತಂದಳು. ಹರಳು ತೊಳೆದು, ಗಾಜು ಉಜ್ಜಿ, ಹಳೆಯ ನೀರನ್ನು ಹನಿ ಬಿಡದೆ ಚೆಲ್ಲಿ, ಬೌಲಿನ ತುಂಬ ಆ ನೀರು ತುಂಬಿದಳು. ದಿನಾ ಹಾಗೇ ಮಾಡಿದಳು. ಮೀನುಗಳು ಮಂಕಾದವು. ಗುರುವಾರದ ಹೊತ್ತಿಗೆ ಬಾಲದ ಅಂಚು ಕೆಂಪಾಗಿ, ಬಾಯನ್ನು ನೀರಿನ ಮೇಲಕ್ಕೆ ತಂದು ಪದೇ ಪದೇ ತೆರೆದು ಮುಚ್ಚತೊಡಗಿದವು.

"ನೋಡು ಬೇಟಿ, ನನ್ನ ಕಂಡ ಕೂಡ್ಲೆ ಮ್ಯಾಲ ಬಂದು ಮಾತಾಡ್ತಾವ," ಎಂದರು ಹಸೀನಾಬೇಗಂ.

ಮೂರನೇ ಹಾಸಿಗೆಯ ಶರಣಬಸಪ್ಪ ಆ ತನಕ ಮಾತಾಡಿರಲಿಲ್ಲ. ಅರವತ್ತು ದಾಟಿದ ಮನುಷ್ಯ. ಸೇಡಂನಲ್ಲೇ ಹೊಳೆ ದಂಡೆಯ ಓಣಿಯವರು. ಅಪ್ಪ, ಅಜ್ಜ ಹೊಳೆಗೆ ಬಲೆ ಬೀಸಿ ಬದುಕಿದವರು. ಇವರು ಮಾತ್ರ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಸೂಜಿ ಚುಚ್ಚಲು ಬಗ್ಗಿದ ಕರುಣಾಳಿಗೆ ಮೆಲ್ಲಗೆ ಹೇಳಿದರು.

"ಯವ್ವಾ, ಅವು ಮಾತಾಡಲಿಕತ್ತಿಲ್ಲ. ಉಸುರು ಸಾಲವಲ್ದು. ಗಾಳಿ ನುಂಗಲಿಕತ್ತಾವ."

"ದಿನಾ ನೀರು ಬದಲಿ ಮಾಡ್ತೀನಲ್ರಿ ಕಾಕಾ? ಅದೂ ಸೋಸಿದ ನೀರು."

"ನೀರು ಛಲೋ ಇರಬಹುದು. ಜಾಗ ಎಲ್ಲಿ ಅದ? ಆ ಮೀನು ಬೆಳೆದ್ರ ನನ್ನ ಮೊಳಕೈ ಅರ್ಧದಷ್ಟು ಆಗ್ತದ. ಅಂಥಾ ಜೀವಕ್ಕ ಒಂದು ಚರಗಿ ನೀರು ಕೊಟ್ಟು ಅದರಾಗೇ ಉಣ್ಣು, ಅದರಾಗೇ ಹೇಲು ಅಂದ್ರ ಎಷ್ಟು ದಿನ ಬದುಕೀತು?"

ಆ ಮಧ್ಯಾಹ್ನ, ರೋಗಿಗಳು ಮನೆಗೆ ಹೋದಮೇಲೆ, ಎರಡನೇ ಮೀನೂ ಸತ್ತಿತು.

ಕೋಡ್ಲಾದ ಬಸ್ಸಿನಲ್ಲಿ ಕುಳಿತು ಕರುಣಾ ಮೊಬೈಲ್ ತೆಗೆದು ಓದಿದಳು. ಮೀನು ತನ್ನ ಮೈಯ ಹೊಲಸನ್ನು ಕಿವಿರಿನಿಂದ ನೀರಿಗೆ ಬಿಡುತ್ತದೆ. ಅದು ಅಮೋನಿಯಾ. ಕೆರೆಯಲ್ಲಿ, ದೊಡ್ಡ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ತಿಂದು ನೀರಿನ ವಿಷ ಇಳಿಸುತ್ತವೆ. ಬೌಲಿನಲ್ಲಿ ಅವಕ್ಕೆ ನೆಲೆಯಿಲ್ಲ. ಇದ್ದಷ್ಟನ್ನೂ ಉಜ್ಜಿ ತೊಳೆದರೆ ಇನ್ನೇನು ಉಳಿಯುತ್ತದೆ? ಕಿರಿದಾದ ಬಾಯಿಯಿಂದ ಗಾಳಿಯೂ ಇಳಿಯುವುದಿಲ್ಲ. ಸೋಸಿ ಸೋಸಿ ಉಪ್ಪಿನಂಶವೇ ಇಲ್ಲವಾದ ನೀರು ಅವಕ್ಕೆ ಇನ್ನೊಂದು ಬಗೆಯ ಸಂಕಟ. ಬೌಲಿನಲ್ಲಿ ಅವು ಕೆಲವು ದಿನ, ಕೆಲವು ತಿಂಗಳು ಜೀವ ಹಿಡಿದಾವು, ಆರೋಗ್ಯವಾಗಿ ಇರಲಾರವು.

ಓದಿ ಮುಗಿಸಿದಾಗ ಅವಳು ಇಳಿಯುವ ಸ್ಟಾಪು ದಾಟಿಹೋಗಿತ್ತು. ಮೈಯ ಹೊಲಸು ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಏನಾಗುತ್ತದೆಂದು ಹೊಸ ರೋಗಿಗಳಿಗೆ ಆರು ವರ್ಷದಿಂದ ಬಿಡಿಸಿ ಬಿಡಿಸಿ ಹೇಳಿದವಳು ಅವಳು. ಕಣ್ಣೆದುರಿನ ಬೌಲು ಮಾತ್ರ ಅರ್ಥವಾಗಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆಯುತ್ತ ಅವಳು ಅತ್ತಳು.

ಸೋಮವಾರ ಹಸೀನಾಬೇಗಂ ಬರುವ ಮೊದಲೇ ಬಾಗಿಲಲ್ಲಿ ಕಾಯುತ್ತ ನಿಂತಳು.

"ಖಾಲಾ, ಎರಡು ಮೀನು ಸತ್ತಾವ. ಮೊದಲನೇದೂ ಸತ್ತಿತ್ತು. ನಾ ಸುಳ್ಳು ಹೇಳಿದೆ. ಬೌಲಿನಾಗ ಅವು ಬದುಕಂಗಿಲ್ಲ. ಉಳಿದದ್ದು ಒಂದನ್ನರ ದೊಡ್ಡ ನೀರಿಗೆ ಬಿಡೋಣ."

ಹಸೀನಾಬೇಗಂ ಮುಖ ಗಂಟಿಕ್ಕಿತು. "ನನ್ನ ಮಗ ಪ್ರೀತಿಲಿಂದ ತಂದಿದ್ದು. ನೀ ಸರಿ ನೋಡ್ಕೊಂಡಿಲ್ಲ ಅಂತ ಹೇಳು. ಬೌಲಿಗೆ ಯಾಕ ಹೆಸರಿಡ್ತಿ?"

"ನಾನೂ ತಪ್ಪು ಮಾಡೀನಿ ಖಾಲಾ. ಆದ್ರ ಎಷ್ಟು ಛಲೋ ನೋಡಿದ್ರೂ ಇದರಾಗ ಅದು ಸೊರಗ್ತದ."

ಅಂದು ನಾಲ್ಕು ತಾಸೂ ಅವರು ಬೌಲಿನ ಕಡೆ ತಿರುಗಿಯೇ ಮಲಗಿದ್ದರು. ಒಂಟಿ ಮೀನು ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿತ್ತು. ಯಂತ್ರ ನಿಲ್ಲಿಸಿ ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು ಕರುಣಾ ನಿಂತಿದ್ದಾಗ ಹಸೀನಾಬೇಗಂ ಕೇಳಿದರು.

"ಎಲ್ಲಿ ಬಿಡ್ತೀರಿ? ಹೊಳಿಗಾ?"

"ಹೊಳಿಗೆ ಬ್ಯಾಡ್ರಿ ಆಪಾ," ಎಂದರು ಪಕ್ಕದ ಹಾಸಿಗೆಯಿಂದ ಶರಣಬಸಪ್ಪ. "ಹೊರಗಿನ ಮೀನು ಅದು. ನಮ್ಮ ಹೊಳಿ ಮೀನಿನ ತತ್ತಿ ತಿಂದು ಹಾಳು ಮಾಡ್ತದ. ನಮ್ಮ ಮನಿ ಹಿಂದ ಫರಸಿ ಕಲ್ಲಿನ ಹೌದ ಅದ, ನೀರಿನ ತೊಟ್ಟಿ. ನಮ್ಮಪ್ಪ ಸಂತಿ ದಿನದ ತನಕ ಜೀವಂತ ಮೀನು ಅದರಾಗ ಇಡ್ತಿದ್ದ. ಆರು ಫೂಟು ಉದ್ದ, ಸೊಂಟಮಟ ನೀರು. ಪಾಚಿ ಅದ, ಬಳ್ಳಿ ಅದ. ಅಲ್ಲಿ ಇರಲಿ. ನೀವು ಬೇಕಂದಾಗ ಬಂದು ನೋಡ್ರಿ."

ಹಸೀನಾಬೇಗಂ ಬುರ್ಖಾ ಸರಿಮಾಡಿಕೊಂಡು ಅತೀಕನ ಹೆಗಲು ಹಿಡಿದು ಬಾಗಿಲ ತನಕ ಹೋದವರು ತಿರುಗಿ, "ಇವತ್ತೇ ಒಯ್ಯಿರಿ. ನಾಳಿ ತನಕ ತಡಿಯಂಗಿಲ್ಲ ಅದು," ಎಂದರು.

ಅಂದೇ ಬೌಲನ್ನು ಮನೆಗೆ ಒಯ್ದ ಶರಣಬಸಪ್ಪ ಅವಸರ ಮಾಡಲಿಲ್ಲ. ಬೌಲಿನ ನೀರಿನ ಸಮೇತ ಮೀನನ್ನು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಚೀಲವನ್ನು ಹೌದದ ನೀರಿನ ಮೇಲೆ ತೇಲಬಿಟ್ಟರು. ಆಗೊಮ್ಮೆ ಈಗೊಮ್ಮೆ ಹೌದದ ನೀರನ್ನು ಬೊಗಸೆಯಲ್ಲಿ ಅದರೊಳಗೆ ಬೆರೆಸಿದರು. ಮುಕ್ಕಾಲು ತಾಸಾದ ಮೇಲೆ ಚೀಲದ ಬಾಯಿ ಬಗ್ಗಿಸಿದರು. ಮೀನು ಹೊರಗೆ ಬಂದು ಒಂದು ಕ್ಷಣ ನಿಂತಲ್ಲೇ ನಿಂತಿತು. ಆಮೇಲೆ ಬಳ್ಳಿಯ ಕೆಳಗೆ ಕಾಣದಾಯಿತು. ಶರಣಬಸಪ್ಪನ ಹೆಂಡತಿ ಬಸ್ಸಮ್ಮ ಕೊಕ್ಕರೆಯ ಕಾಟಕ್ಕೆಂದು ಹೌದದ ಮೇಲೆ ಹಳೆಯ ಬಲೆ ಕಟ್ಟಿದರು, ಬಿಸಿಲಿಗೆ ಅರ್ಧಕ್ಕೆ ಗೋಣಿತಟ್ಟು ಹೊದಿಸಿದರು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಕರುಣಾ ಹಸೀನಾಬೇಗಂ ಅವರನ್ನು ಆಟೋದಲ್ಲಿ ಅಲ್ಲಿಗೆ ಕರೆದುಕೊಂಡು ಹೋದಳು. ಬಸ್ಸಮ್ಮ ಹೌದದ ಪಕ್ಕ ಕುರ್ಚಿ ಹಾಕಿ, "ಕುಂದ್ರಿ ಅಕ್ಕಾ," ಎಂದು ಚಹಾ ತಂದುಕೊಟ್ಟರು. ಗಂಡನಿಗೆ ಕೊಡುವಂತೆ ಅಳತೆ ನೋಡಿ ಅರ್ಧ ಕಪ್ಪು. ಮೀನು ಬಳ್ಳಿಯ ನೆರಳಿನಿಂದ ಹೊರಬಂತು. ಬಾಲದ ಕೆಂಪು ಹೋಗಿತ್ತು. ಹೌದದ ಈ ತುದಿಯಿಂದ ಆ ತುದಿಗೆ ಒಂದೇ ಸಮ ನೇರಕ್ಕೆ ಹೋಯಿತು, ತಿರುಗಿ ಬಂತು. ಬೌಲಿನಲ್ಲಿ ಅದು ಹಾಗೆ ಹೋದದ್ದನ್ನು ಇಬ್ಬರೂ ಕಂಡಿರಲಿಲ್ಲ.

ಹಸೀನಾಬೇಗಂ ಬಹಳ ಹೊತ್ತು ನೋಡಿದರು. ಬಸ್ಸಮ್ಮ ಒಳಗೆ ಹೋದಮೇಲೆ ಕೇಳಿದರು. "ಮೊದಲನೇದು ಸತ್ತದ್ದು ನಂಗ ಅವತ್ತೇ ಗೊತ್ತಾಗಿತ್ತು ಬೇಟಿ. ನಿನ್ನ ಉಗುರಿನಾಗ ಮಣ್ಣಿತ್ತು. ನಾನೇ ಮುಂದ ಕೇಳಲಿಲ್ಲ. ಈಗ ಒಂದು ಕೇಳ್ತೀನಿ. ಹೋದ ತಿಂಗಳು ಎದಿದು ಪರೀಕ್ಷಾ ಮಾಡಿದ್ರಲ್ಲ, ಡಾಕ್ಟರು ಅತೀಕಗ ಹೊರಗ ಕರೆದು ಏನೋ ಹೇಳಿದ್ರು. ಅವ ನನ್ನ ಮಾರಿ ನೋಡವಲ್ಲ. ಏನದ?"

ಕರುಣಾ ಹೌದದ ಕಲ್ಲಿನ ಮೇಲೆ ಕೈಯೂರಿದಳು. ಹೇಳುವ ಅಧಿಕಾರ ಅವಳದಲ್ಲ. ಹೇಳಬಾರದೆಂದು ಅತೀಕ ಕೈಮುಗಿದು ಕೇಳಿಕೊಂಡಿದ್ದ. ಆದರೆ ಆ ಕಣ್ಣುಗಳ ಎದುರು ಕಲಬುರ್ಗಿಯಂಥ ಸುಳ್ಳು ಬಾಯಿಗೆ ಬರಲಿಲ್ಲ.

"ಎದಿ ಭಾಳ ಸೋತಾದ ಖಾಲಾ. ಮಷಿನ್ ಮ್ಯಾಲ ಹಾಕೋದೂ ಕಷ್ಟ ಆಗ್ತಾ ಹೋಗ್ತದ. ಎಷ್ಟು ದಿನ ಅಂತ ಯಾರೂ ಹೇಳಂಗಿಲ್ಲ. ಆದ್ರ ಭಾಳ ದಿನ ಅಂತ ನಾ ಹೇಳಲಾರೆ."

ಹಸೀನಾಬೇಗಂ ಕಪ್ಪಿನ ತಳದ ಚಹಾ ಕುಡಿದು ಮುಗಿಸಿದರು. ಸೆರಗಿನ ತುದಿಯಿಂದ ಬಾಯೊರೆಸಿಕೊಂಡರು. ಕಣ್ಣು ಒದ್ದೆಯಾಗಿತ್ತು.

"ವಾಡಿದಾಗ ನನ್ನ ತಂಗಿ ಮಾಶಾಬಿ ಅದಾಳ," ಎಂದರು. "ಈ ಮಷಿನ್ ಶುರು ಆದಾಗಿಲಿಂದ ಆಕಿ ಮನ್ಯಾಗ ಒಂದು ರಾತ್ರಿ ಉಳಿದಿಲ್ಲ. ಎಲ್ಲರೂ ಬ್ಯಾಡ, ಮೈಗೆ ಆಗಂಗಿಲ್ಲ ಅಂತಾರ. ಇನ್ನ ಯಾರ ಮಾತೂ ಕೇಳಂಗಿಲ್ಲ ನಾ."

ಮರುದಿನ ಯಂತ್ರದಿಂದ ಇಳಿದು ನೇರ ವಾಡಿಗೆ ಹೋದರು. ಮಂಗಳವಾರ, ಬುಧವಾರ ತಂಗಿಯ ಮನೆಯಲ್ಲೇ ಇದ್ದರು. ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಬಂದಾಗ ಮುಖ ಊದಿತ್ತು, ಹೆಜ್ಜೆ ಭಾರವಾಗಿತ್ತು. ಕರುಣಾ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಇರಬೇಕಾದದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚು. ಅಷ್ಟೂ ನೀರು.

"ಎಷ್ಟು ಚಹಾ ಕುಡಿದ್ರಿ ಖಾಲಾ?"

"ಲೆಕ್ಕ ಇಟ್ಟಿಲ್ಲ," ಎಂದರು ಹಸೀನಾಬೇಗಂ. "ಆಕಿ ಹಾಕಿದಷ್ಟೂ ಕುಡಿದೆ. ಇಬ್ಬರೂ ಕುಂತು ನಮ್ಮ ಅಮ್ಮಿ ಸುದ್ದಿ ಮಾತಾಡಿದ್ವಿ."

ಕರುಣಾ ಬೈಯಲಿಲ್ಲ. ತೂಕ ಬರೆದುಕೊಂಡು, ಕೈಹಿಡಿದು ಹಾಸಿಗೆಗೆ ಕರೆದೊಯ್ದಳು. ಅಷ್ಟೊಂದು ನೀರನ್ನು ಒಮ್ಮೆಲೇ ಎಳೆದರೆ ಆ ಎದೆ ತಾಳುವುದಿಲ್ಲವೆಂದು ಡಾಕ್ಟರನ್ನು ಕೇಳಿ ಯಂತ್ರದ ವೇಗ ತಗ್ಗಿಸಿ, ಅಂದು ಒಂದು ತಾಸು ಹೆಚ್ಚಿಗೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಳು.